ಲಿನಕ್ಸ್ ಗಣಕದಲ್ಲಿ ಗ್ರಾಫಿಕ್ಸ್ ಕಾರ್ಡಿನ ಬದಲಾವಣೆ

ಮನೆಯಲ್ಲಿ ಒಂದು ವಿದ್ಯುದ್ದೀಪ ಕೆಟ್ಟುಹೋದರೆ ಅದನ್ನು ತೆಗೆದು, ಬೇರೊಂದು ಕಂಪೆನಿಯ ದೀಪವನ್ನು ಅದೇ ಹೋಲ್ಡರಿಗೆ ಸಿಕ್ಕಿಸುತ್ತೇವೆ. ಸ್ವಿಚ್ಚು ಒತ್ತಿದೊಡನೆ ಅದು ಬೆಳಗುತ್ತದೆ. ಹೊಸ ದೀಪವನ್ನು ಯಾರು ತಯಾರಿಸಿದರೆಂದು ಹೋಲ್ಡರು ಕೇಳುವುದಿಲ್ಲ. ವೋಲ್ಟೇಜು ಸರಿಯಾಗಿದ್ದು ಬುಡದ ಅಳತೆ ಹೊಂದಿಕೊಂಡರೆ ಸಾಕು. ಗಣಕಯಂತ್ರದೊಳಗಿನ ಗ್ರಾಫಿಕ್ಸ್ ಕಾರ್ಡನ್ನೂ ಇದೇ ರೀತಿ ಬದಲಾಯಿಸಬಹುದೆಂದು ಅನೇಕರು ಭಾವಿಸುತ್ತಾರೆ. ಕಾರ್ಡು ಸ್ಲಾಟಿನಲ್ಲಿ ಸರಿಯಾಗಿಯೇ ಕುಳಿತುಕೊಳ್ಳುತ್ತದೆ, ಅದರ ಫ್ಯಾನೂ ತಿರುಗುತ್ತದೆ. ಆದರೂ ಕೆಲವು ವೇಳೆ ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಹೀಗೇಕೆ ಆಗುತ್ತದೆ, ಆಗದಂತೆ ನೋಡಿಕೊಳ್ಳುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲಿಗೆ ನಮ್ಮದೇ ಒಂದು ಅನುಭವವನ್ನು ಹೇಳುವುದು ಉಚಿತವೆಂದು ತೋರುತ್ತದೆ. ನಮ್ಮ ವಿಭಾಗದ ಪ್ರಯೋಗಶಾಲೆಯಲ್ಲಿ ಲಿನಕ್ಸ್ ಇರುವ ಒಂದು ಗಣಕ ಉಂಟು. ಅದರ ಹಳೆಯ ಕಾರ್ಡನ್ನು ತೆಗೆದು ಬೇರೆ ಕಂಪೆನಿಯ ಕಾರ್ಡೊಂದನ್ನು ಹಾಕಿದೆವು. ಗುಂಡಿ ಒತ್ತಿದಾಗ ಪರದೆಯ ಮೇಲೆ ಮೊದಲು ಕೆಲವು ಸಾಲು ಅಕ್ಷರಗಳು ಓಡಿದುವು; ಅನಂತರ ಎಡಮೂಲೆಯಲ್ಲಿ ಒಂದು ಗೆರೆ ಮಿನುಗುತ್ತ ನಿಂತಿತು. ಎಷ್ಟು ಹೊತ್ತು ಕಾದರೂ ಬೇರೇನೂ ಬರಲಿಲ್ಲ. ಲಿನಕ್ಸ್ ಕೆಟ್ಟುಹೋಯಿತೆಂದು ತೀರ್ಮಾನಿಸಿ, ಡಿಸ್ಕನ್ನೆಲ್ಲ ಅಳಿಸಿ ಹೊಸದಾಗಿ ಲಿನಕ್ಸ್ ತುಂಬುವುದಕ್ಕಾಗಿ ಪೆನ್‌ಡ್ರೈವನ್ನು ಕೈಗೆ ತೆಗೆದುಕೊಂಡೆವು. ಆ ಡಿಸ್ಕಿನಲ್ಲಿ ಅಂತಿಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಮೂರು ತಿಂಗಳ ಕಾಲ ತೆಗೆದುಕೊಂಡಿದ್ದ ಅಳತೆಗಳೆಲ್ಲ ಇದ್ದುವು; ಬೇರೆಲ್ಲಿಯೂ ಅವುಗಳ ಪ್ರತಿ ಇರಲಿಲ್ಲ. ಆಕೆ ಪಕ್ಕದಲ್ಲಿಯೇ ನಿಂತಿದ್ದಳು. ‘ಸಾರ್, ಮೊದಲು ಅಕ್ಷರಗಳು ಬಂದುವಲ್ಲ, ಕಾರ್ಡೂ ಲಿನಕ್ಸೂ ಕೆಟ್ಟಿದ್ದರೆ ಅವು ಹೇಗೆ ಬಂದುವು?’ ಎಂದು ಕೇಳಿದಳು.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದುದರಿಂದ ಪೆನ್‌ಡ್ರೈವನ್ನು ಕೆಳಗಿಟ್ಟೆವು. ಅನಂತರ ನಡೆದುದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮುಂಚೆ ಕಾರ್ಡು ಮಾಡುವ ಕೆಲಸವೇನೆಂಬುದನ್ನು ತಿಳಿದುಕೊಳ್ಳಬೇಕು.

ಕಾರ್ಡಿನ ಕೆಲಸ

ಗಣಕದ ಪರದೆ ಸಣ್ಣ ಸಣ್ಣ ಬಿಂದುಗಳ ಒಂದು ಜಾಲ. ಈಗ ಸಾಮಾನ್ಯವಾಗಿರುವ ಪರದೆಯಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳಿರುತ್ತವೆ, ಒಟ್ಟು ೨೦,೭೩,೬೦೦. ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಗುರುತಿಸಲು ೪ ಬೈಟ್ ಬೇಕೆಂದಿಟ್ಟುಕೊಂಡರೆ ಒಂದು ಚಿತ್ರಕ್ಕೆ ೮೨,೯೪,೪೦೦ ಬೈಟ್‌ಗಳಾದುವು. ಪರದೆ ಸೆಕೆಂಡಿಗೆ ೬೦ ಬಾರಿ ಹೊಸದಾಗಿ ಚಿತ್ರವನ್ನು ತೋರಿಸುತ್ತದೆ. ಹೀಗಾಗಿ ಸೆಕೆಂಡೊಂದಕ್ಕೆ ಸುಮಾರು ೫೦ ಕೋಟಿ ಬೈಟ್‌ಗಳು ಕಾರ್ಡಿನಿಂದ ಪರದೆಗೆ ಹರಿಯಬೇಕು. ಇದು ಸಿದ್ಧವಾದ ಚಿತ್ರವನ್ನು ಕಳುಹಿಸುವ ಲೆಕ್ಕ ಮಾತ್ರ. ಚಿತ್ರವನ್ನು ರಚಿಸುವುದಕ್ಕೆ, ಎಂದರೆ ಯಾವ ಬಿಂದುವಿಗೆ ಯಾವ ಬಣ್ಣ ಎಂದು ಗುಣಿಸಿ ಕೂಡಿ ನಿರ್ಧರಿಸುವುದಕ್ಕೆ, ಇದಕ್ಕಿಂತ ಎಷ್ಟೋ ಹೆಚ್ಚಿನ ಗಣಿತ ಬೇಕು. ಒಂದೇ ಬಗೆಯ ಲೆಕ್ಕವನ್ನು ಲಕ್ಷಾಂತರ ಬಿಂದುಗಳಿಗೆ ಒಟ್ಟಿಗೆ ಮಾಡಬೇಕಾದುದರಿಂದ, ನೂರಾರು ಸಾವಿರಾರು ಪುಟ್ಟ ಲೆಕ್ಕಿಗರನ್ನು ಸಾಲಾಗಿ ಕೂರಿಸಿದಂತೆ ಈ ಕಾರ್ಡನ್ನು ರಚಿಸಿರುತ್ತಾರೆ.

ಈ ಲೆಕ್ಕಿಗರಿಗೆ ಒಂದು ಭಾಷೆಯುಂಟು. ತೊಡಕು ಹುಟ್ಟುವುದು ಇಲ್ಲಿಯೇ. ಎನ್ವಿಡಿಯ ಕಂಪೆನಿಯ ಕಾರ್ಡುಗಳ ಭಾಷೆಯೇ ಬೇರೆ, ಎಎಂಡಿ ಕಂಪೆನಿಯವುಗಳ ಭಾಷೆಯೇ ಬೇರೆ, ಇಂಟೆಲ್‌ನವುಗಳದು ಮತ್ತೊಂದು. ಸ್ಲಾಟು ಮಾತ್ರ ಎಲ್ಲರಿಗೂ ಒಂದೇ. ಪಿಸಿಐ ಎಕ್ಸ್‌ಪ್ರೆಸ್ ಎಂಬ ಮಾನಕದಂತೆ ಅದರ ಅಳತೆ, ವೋಲ್ಟೇಜು, ಸಂಕೇತಗಳ ರೀತಿ ಎಲ್ಲವೂ ಗೊತ್ತುಪಡಿಸಲ್ಪಟ್ಟಿವೆ. ಆದಕಾರಣ ಕಾರ್ಡು ಹೋಲ್ಡರಿನಲ್ಲಿ ದೀಪ ಕೂರುವಂತೆ ಕೂರುತ್ತದೆ. ಆದರೆ ಅದರೊಡನೆ ಮಾತನಾಡಲು ಒಬ್ಬ ದುಭಾಷಿ ಬೇಕು. ಆ ದುಭಾಷಿಯ ಕೆಲಸವನ್ನು ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು.

ಕಾರ್ಡಿನ ಗುರುತನ್ನು ತಿಳಿಯುವ ಬಗೆ

ಯಾವ ದುಭಾಷಿಯನ್ನು ಕರೆಯಬೇಕೆಂದು ಲಿನಕ್ಸಿಗೆ ತಿಳಿಯುವುದು ಹೇಗೆ? ಪ್ರತಿಯೊಂದು ಕಾರ್ಡಿನಲ್ಲಿಯೂ ಎರಡು ಸಂಖ್ಯೆಗಳನ್ನು ತಯಾರಕರು ಅಚ್ಚೊತ್ತಿರುತ್ತಾರೆ. ಒಂದು ತಯಾರಕರ ಸಂಖ್ಯೆ, ಇನ್ನೊಂದು ಆ ಮಾದರಿಯ ಸಂಖ್ಯೆ. ಒಂದೊಂದೂ ದ್ವಿಮಾನ ಪದ್ಧತಿಯ ೧೬ ಅಂಕಗಳಷ್ಟು ಉದ್ದವಿರುವುದರಿಂದ ತಲಾ ೬೫,೫೩೬ ಬೇರೆ ಬೇರೆ ಸಂಖ್ಯೆಗಳಿಗೆ ಅವಕಾಶವುಂಟು. ಇವನ್ನು ಹದಿನಾರರ ಮಾನದಲ್ಲಿ ಬರೆಯುವುದು ವಾಡಿಕೆ. ಈ ಮಾನದಲ್ಲಿ ಹತ್ತರಿಂದ ಹದಿನೈದರವರೆಗಿನ ಅಂಕಗಳಿಗೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳನ್ನು ಬಳಸುತ್ತಾರೆ. ಎನ್ವಿಡಿಯದ ಸಂಖ್ಯೆ ೧೦ಡಿಇ; ಎಂದರೆ ೪೦೯೬ + ೦ + (೧೩ × ೧೬) + ೧೪ = ೪೩೧೮. ಎಎಂಡಿ ಕಾರ್ಡುಗಳ ಸಂಖ್ಯೆ ೧೦೦೨. ಇದು ೧೯೮೫ರಲ್ಲಿ ಕೆನಡಾದಲ್ಲಿ ಸ್ಥಾಪಿತವಾದ ಎಟಿಐ ಎಂಬ ಕಂಪೆನಿಯದಾಗಿತ್ತು. ೨೦೦೬ರಲ್ಲಿ ಎಎಂಡಿ ಆ ಕಂಪೆನಿಯನ್ನು ಕೊಂಡಾಗ ಸಂಖ್ಯೆಯೂ ಅದರೊಡನೆ ಬಂದಿತು. ಇಂಟೆಲ್‌ನ ಸಂಖ್ಯೆ ೮೦೮೬. ಆ ಕಂಪೆನಿ ೧೯೭೮ರಲ್ಲಿ ಹೊರತಂದ ಪ್ರಸಿದ್ಧ ಸಂಸ್ಕಾರಕದ ಹೆಸರೂ ಅದೇ ಎಂಬುದನ್ನು ವಾಚಕರು ಗಮನಿಸಬಹುದು.

ಗಣಕ ಎಚ್ಚರಗೊಂಡೊಡನೆ ಲಿನಕ್ಸಿನ ತಿರುಳಾದ ಕರ್ನೆಲ್ ಸ್ಲಾಟುಗಳನ್ನೆಲ್ಲ ವಿಚಾರಿಸಿ ಈ ಸಂಖ್ಯೆಗಳನ್ನು ಓದಿಕೊಳ್ಳುತ್ತದೆ. ಅನಂತರ ತನ್ನಲ್ಲಿರುವ ಪಟ್ಟಿಯನ್ನು ನೋಡಿ, ಆ ಸಂಖ್ಯೆಗೆ ಹೊಂದುವ ಡ್ರೈವರನ್ನು ಕರೆಯುತ್ತದೆ. ಇದು ಪ್ರತಿ ಸಲವೂ ಹೊಸದಾಗಿ ನಡೆಯುವ ಕಾರ್ಯ; ನಿನ್ನೆ ಯಾವ ಕಾರ್ಡಿತ್ತೆಂಬ ನೆನಪನ್ನು ಕರ್ನೆಲ್ ಇಟ್ಟುಕೊಳ್ಳುವುದಿಲ್ಲ. ಹೀಗಿರುವಲ್ಲಿ ಕಾರ್ಡಿನ ಬದಲಾವಣೆ ದೀಪದ ಬದಲಾವಣೆಯಷ್ಟೇ ಸುಲಭವಾಗಬೇಕಲ್ಲವೆ? ನ್ಯಾಯವಾಗಿ ಹಾಗೆಯೇ ಆಗಬೇಕು. ಅನೇಕ ವೇಳೆ ಹಾಗೆಯೇ ಆಗುತ್ತದೆ ಕೂಡ. ಆಗದಿದ್ದಾಗ ಕಾರಣವನ್ನು ಹೊಸ ಕಾರ್ಡಿನಲ್ಲಿ ಹುಡುಕಬಾರದು. ಹಳೆಯ ಕಾರ್ಡಿಗಾಗಿ ನಾವು ಹಿಂದೆ ಬರೆದಿಟ್ಟ ಆಜ್ಞೆಗಳಲ್ಲಿ ಹುಡುಕಬೇಕು. ಅಂತಹ ಆಜ್ಞೆಗಳು ಏಕೆ ಬೇಕಾಗಿದ್ದುವೆಂಬುದನ್ನು ಅರಿಯಲು ಡ್ರೈವರುಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಎರಡು ಬಗೆಯ ದುಭಾಷಿಗಳು

ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟಾರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸ್ ಕರ್ನೆಲ್ಲನ್ನು ಪ್ರಕಟಿಸಿದರು. ಅದರ ಮೂಲಪಾಠ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಡ್ರೈವರುಗಳು ಈ ಮೂಲಪಾಠದ ಒಳಗೇ ಇರಬೇಕೆಂಬುದು ಅದರ ಕರ್ತೃಗಳ ಅಪೇಕ್ಷೆ. ಕರ್ನೆಲ್ಲಿನ ಒಳಗಣ ಏರ್ಪಾಡುಗಳು ಆಗಾಗ ಬದಲಾಗುತ್ತವೆ. ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಒಳಗಿರುವ ಡ್ರೈವರನ್ನು ಆ ಬದಲಾವಣೆಗೆ ತಕ್ಕಂತೆ ಅಲ್ಲಿಯೇ ತಿದ್ದುತ್ತಾರೆ. ಹೊರಗಿರುವ ಡ್ರೈವರಿಗೆ ಈ ಅನುಕೂಲವಿಲ್ಲ. ಅದು ತಾನೇ ಹಿಂದೆ ಬಿದ್ದು ಬರಬೇಕು.

ಎಎಂಡಿ ಕಂಪೆನಿ ೨೦೦೭ರಲ್ಲಿ ತನ್ನ ಕಾರ್ಡುಗಳ ಒಳರಚನೆಯ ವಿವರಗಳನ್ನು ಮುಕ್ತ ತಂತ್ರಾಂಶದ ಕರ್ತೃಗಳಿಗೆ ಕೊಡುವುದಾಗಿ ಪ್ರಕಟಿಸಿತು. ಅದರ ಫಲವಾಗಿ ಬೆಳೆದುಬಂದ ಡ್ರೈವರು ಕರ್ನೆಲ್ಲಿನ ಒಳಗೇ ಇದೆ. ಎಎಂಡಿಜಿಪಿಯು ಎಂಬ ಹೆಸರಿನ ಈಗಿನ ಡ್ರೈವರು ೨೦೧೫ರಲ್ಲಿ ಕರ್ನೆಲ್ಲಿನ ೪.೨ನೆಯ ಆವೃತ್ತಿಯೊಡನೆ ಬಂದಿತು. ಎನ್ವಿಡಿಯ ಕಂಪೆನಿ ಬಹುಕಾಲ ಬೇರೆ ದಾರಿ ಹಿಡಿಯಿತು. ಅದು ಲಿನಕ್ಸಿಗೆ ಸಮರ್ಥವಾದ ಡ್ರೈವರನ್ನು ಕೊಡುತ್ತಿತ್ತು. ಆದರೆ ಮೂಲಪಾಠವನ್ನು ಮುಚ್ಚಿಟ್ಟು, ಕರ್ನೆಲ್ಲಿನ ಹೊರಗಿನಿಂದ ಸೇರಿಸಿಕೊಳ್ಳುವಂತೆ ಕೊಡುತ್ತಿತ್ತು. ಕೆಲವು ಸ್ವಯಂಸೇವಕರು ಕಾರ್ಡಿನ ವರ್ತನೆಯನ್ನು ಹೊರಗಿನಿಂದ ಪರೀಕ್ಷಿಸಿ, ಅದರ ಭಾಷೆಯನ್ನು ಊಹಿಸಿ, ನೂವೋ ಎಂಬ ಮುಕ್ತ ಡ್ರೈವರನ್ನು ರಚಿಸಿದರು. ೨೦೧೦ರಲ್ಲಿ ಅದು ಕರ್ನೆಲ್ಲಿಗೆ ಸೇರಿತು. ೨೦೧೨ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದ ಸಭೆಯೊಂದರಲ್ಲಿ ಟಾರ್ವಾಲ್ಡ್ಸ್ ಅವರು ಎನ್ವಿಡಿಯದ ಧೋರಣೆಯನ್ನು ಬಹಿರಂಗವಾಗಿಯೇ ಕಟುವಾಗಿ ಖಂಡಿಸಿದರು. ೨೦೨೨ರ ಮೇ ತಿಂಗಳಲ್ಲಿ ಆ ಕಂಪೆನಿ ೨೦೧೮ರ ಟ್ಯೂರಿಂಗ್ ಪೀಳಿಗೆಯಿಂದೀಚಿನ ತನ್ನ ಕಾರ್ಡುಗಳಿಗಾಗಿ ಕರ್ನೆಲ್ಲಿಗೆ ಸಂಬಂಧಿಸಿದ ಭಾಗದ ಮೂಲಪಾಠವನ್ನು ತೆರೆಯಿತು. ಚಿತ್ರ ರಚಿಸುವ ಭಾಗ ಮುಚ್ಚಿಯೇ ಇದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದುಭಾಷಿ ಎಂದು ನಾವು ಒಬ್ಬನನ್ನೇ ಹೇಳಿದೆವಾದರೂ ವಾಸ್ತವವಾಗಿ ಇಬ್ಬರು ಇರುತ್ತಾರೆ. ಒಬ್ಬ ಕರ್ನೆಲ್ಲಿನೊಳಗೆ ಕುಳಿತು ಪರದೆಯ ಅಳತೆ, ಕಾರ್ಡಿನ ಮೆಮೊರಿ, ಯಾರಿಗೆ ಎಷ್ಟು ಹೊತ್ತು ಎಂಬ ಹಂಚಿಕೆ ಇವನ್ನು ನೋಡಿಕೊಳ್ಳುತ್ತಾನೆ. ಇನ್ನೊಬ್ಬ ಹೊರಗೆ ಇದ್ದು, ‘ಇಲ್ಲಿ ಒಂದು ತ್ರಿಕೋನ ಬರೆ, ಅದಕ್ಕೆ ಈ ಬಣ್ಣ ಹಚ್ಚು’ ಎಂಬ ತಂತ್ರಾಂಶಗಳ ಕೋರಿಕೆಯನ್ನು ಕಾರ್ಡಿನ ಭಾಷೆಗೆ ಭಾಷಾಂತರಿಸುತ್ತಾನೆ. ಕೋರಿಕೆಗಳನ್ನು ಬರೆಯುವ ರೀತಿಗೂ ಮಾನಕಗಳುಂಟು. ೧೯೯೨ರ ಓಪನ್‌ಜಿಎಲ್, ೨೦೧೬ರ ವಲ್ಕನ್ ಇವು ಮುಖ್ಯವಾದುವು. ಎಎಂಡಿ ಮತ್ತು ಇಂಟೆಲ್ ಕಾರ್ಡುಗಳಿಗೆ ಈ ಎರಡನೆಯ ದುಭಾಷಿಯ ಕೆಲಸವನ್ನು ಮೆಸಾ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಬ್ರಯಾನ್ ಪಾಲ್ ಎಂಬವರು ೧೯೯೩ರಲ್ಲಿ ಇದನ್ನು ಆರಂಭಿಸಿದರು. ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳಲ್ಲಿಯೂ ಮೆಸಾ ಮೊದಲಿನಿಂದಲೇ ಇರುತ್ತದೆ. ಎನ್ವಿಡಿಯ ತನ್ನ ಡ್ರೈವರಿನೊಡನೆ ತನ್ನದೇ ಭಾಷಾಂತರಕಾರನನ್ನು ಕಳುಹಿಸುತ್ತದೆ.

ಹಾಗೆಂದು ಎಎಂಡಿಯದು ಸಂಪೂರ್ಣವಾಗಿ ತೆರೆದ ಪುಸ್ತಕವೆಂದು ತಿಳಿಯಬಾರದು. ಕಾರ್ಡಿನೊಳಗೆ ಓಡುವ ಫರ್ಮ್‌ವೇರ್ ಎಂಬ ಚಿಕ್ಕ ತಂತ್ರಾಂಶದ ಮೂಲಪಾಠ ಅಲ್ಲಿಯೂ ದೊರೆಯುವುದಿಲ್ಲ. ಅದು ಲಿನಕ್ಸ್ ಫರ್ಮ್‌ವೇರ್ ಎಂಬ ಪ್ಯಾಕೇಜಿನಲ್ಲಿ ಬೇರೆಯಾಗಿ ಬರುತ್ತದೆ. ಅದಿಲ್ಲದಿದ್ದರೆ ಎಎಂಡಿಜಿಪಿಯು ಕಾರ್ಡನ್ನು ಎಬ್ಬಿಸಲಾರದು.

ಜನರು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಹೋಗಲು ಕಾರಣಗಳು ಹಲವು. ಬೆಲೆ ಒಂದು, ಅಗತ್ಯ ಇನ್ನೊಂದು. ಡ್ರೈವರಿನ ಆಯುಸ್ಸೂ ಒಂದು ಕಾರಣ. ಎನ್ವಿಡಿಯ ತನ್ನ ಕಾರ್ಡುಗಳ ಪೀಳಿಗೆಗಳಿಗೆ ವಿಜ್ಞಾನಿಗಳ ಹೆಸರಿಡುವ ಪದ್ಧತಿಯುಂಟು. ಕೆಪ್ಲರ್ ಪೀಳಿಗೆಗೆ ೪೭೦ರ ಶ್ರೇಣಿಯ ಡ್ರೈವರೇ ಕೊನೆಯದಾಯಿತು. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಪೀಳಿಗೆಗಳಿಗೆ ೫೮೦ರ ಶ್ರೇಣಿಯೇ ಕೊನೆಯದೆಂದು ೨೦೨೫ರಲ್ಲಿ ಕಂಪೆನಿ ಪ್ರಕಟಿಸಿತು. ಯಂತ್ರ ಗಟ್ಟಿಯಾಗಿದ್ದರೂ ದುಭಾಷಿ ನಿವೃತ್ತನಾದರೆ ಅದನ್ನು ಹೊಸ ಕರ್ನೆಲ್ಲಿನೊಡನೆ ನಡೆಸುವುದು ಕ್ರಮೇಣ ಕಷ್ಟವಾಗುತ್ತದೆ.

ಹಳೆಯ ಆಜ್ಞೆಗಳ ಅವಶೇಷ

ಹೊರಗಿನ ಡ್ರೈವರನ್ನು ಸೇರಿಸುವಾಗ ಒಳಗಿನ ಏರ್ಪಾಡನ್ನು ಪಕ್ಕಕ್ಕೆ ಸರಿಸಬೇಕಾಗುತ್ತದೆ. ಒಂದೇ ಕಾರ್ಡಿಗೆ ಇಬ್ಬರು ಒಟ್ಟಿಗೆ ಆಜ್ಞೆ ಕೊಡುವಂತಿಲ್ಲ. ಆದಕಾರಣ ಎನ್ವಿಡಿಯ ಡ್ರೈವರನ್ನು ಸೇರಿಸಿದ ಗಣಕದಲ್ಲಿ ಐದು ಎಡೆಗಳಲ್ಲಿ ಅದರ ಗುರುತು ಉಳಿದಿರಬಹುದು.

ಮೊದಲನೆಯದು ಡ್ರೈವರಿನ ಪ್ಯಾಕೇಜುಗಳೇ. ಇವುಗಳೊಡನೆ ಡಿಕೆಎಂಎಸ್ ಎಂಬ ಏರ್ಪಾಡು ಬರುವುದುಂಟು. ಕರ್ನೆಲ್ ಹೊಸದಾದಾಗಲೆಲ್ಲ ಅದಕ್ಕೆ ತಕ್ಕಂತೆ ಹೊರಗಿನ ಡ್ರೈವರನ್ನು ಮತ್ತೆ ಸಿದ್ಧಪಡಿಸುವುದು ಅದರ ಕೆಲಸ. ಕಾರ್ಡು ಹೋದ ಮೇಲೂ ಅದು ಈ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಲೇ ಇರುತ್ತದೆ.

ಎರಡನೆಯದು ಬಹಿಷ್ಕಾರದ ಪಟ್ಟಿ. ಇಟಿಸಿ ಎಂಬ ಕೋಶದೊಳಗಿನ ಮಾಡ್‌ಪ್ರೋಬ್.ಡಿ ಎಂಬ ಉಪಕೋಶದಲ್ಲಿ, ಇಂಥ ಡ್ರೈವರನ್ನು ಕರೆಯಕೂಡದೆಂದು ಬರೆದ ಕಡತಗಳಿರುತ್ತವೆ. ಸಾಮಾನ್ಯವಾಗಿ ಅಲ್ಲಿ ನೂವೋ ಹೆಸರಿರುತ್ತದೆ. ಅದರಿಂದ ಎಎಂಡಿ ಕಾರ್ಡಿಗೆ ಬಾಧಕವಿಲ್ಲ. ಆದರೆ ಹಿಂದೆ ಯಾರಾದರೂ ಎಎಂಡಿಜಿಪಿಯು ಹೆಸರನ್ನೂ ಸೇರಿಸಿದ್ದರೆ ಹೊಸ ಕಾರ್ಡಿಗೆ ದುಭಾಷಿಯೇ ಬರುವುದಿಲ್ಲ.

ಮೂರನೆಯದು ಕರ್ನೆಲ್ ಏಳುವಾಗ ಅದಕ್ಕೆ ಕೊಡುವ ಆಜ್ಞೆಗಳ ಸಾಲು. ಇದರಲ್ಲಿ ನೋಮೋಡ್‌ಸೆಟ್ ಎಂಬ ಪದವಿದ್ದರೆ ಕರ್ನೆಲ್ಲಿನೊಳಗಿನ ಯಾವ ಗ್ರಾಫಿಕ್ಸ್ ಡ್ರೈವರೂ ಪರದೆಯ ಮೇಲೆ ಕೈಹಾಕುವುದಿಲ್ಲ. ಹಳೆಯ ಕಾರ್ಡಿನ ಕಾಲದಲ್ಲಿ ತಾತ್ಕಾಲಿಕ ಪರಿಹಾರವಾಗಿ ಬರೆದ ಈ ಪದವನ್ನು ಅಳಿಸಲು ಮರೆಯುವವರು ಅನೇಕರು. ಕರ್ನೆಲ್ಲಿಗೆ ಮೊದಲ ಹೆಜ್ಜೆಯಲ್ಲಿ ಬೇಕಾಗುವ ಸಾಮಗ್ರಿಯ ಗಂಟೊಂದು ಬೇರೆ ಇದೆ. ಅದಕ್ಕೆ ಇನಿಟ್‌ರಾಮ್‌ಎಫ್‌ಎಸ್ ಎಂದು ಹೆಸರು. ಬಹಿಷ್ಕಾರದ ಪಟ್ಟಿಯ ಪ್ರತಿಯೂ ಅದರೊಳಗಿರುತ್ತದೆ. ಆದುದರಿಂದ ಪಟ್ಟಿಯನ್ನು ತಿದ್ದಿದ ಮೇಲೆ ಈ ಗಂಟನ್ನು ಹೊಸದಾಗಿ ಕಟ್ಟದಿದ್ದರೆ ಹಳೆಯ ಪಟ್ಟಿಯೇ ನಡೆಯುತ್ತಿರುತ್ತದೆ.

ನಾಲ್ಕನೆಯದು ಎಕ್ಸ್‌ಆರ್ಗ್ ಎಂಬ ಚಿತ್ರವ್ಯವಸ್ಥೆಯ ಕಡತ. ಇಟಿಸಿ ಕೋಶದೊಳಗಿನ ಎಕ್ಸ್೧೧ ಎಂಬ ಉಪಕೋಶದಲ್ಲಿ ಎಕ್ಸ್‌ಆರ್ಗ್.ಕಾನ್ಫ್ ಎಂಬ ಕಡತವಿದ್ದು, ಇಂಥದೇ ಡ್ರೈವರನ್ನು ಬಳಸಬೇಕೆಂದು ಅದರಲ್ಲಿ ಬರೆದಿದ್ದರೆ, ಎಕ್ಸ್‌ಆರ್ಗ್ ತಾನಾಗಿ ಬೇರೆಯದನ್ನು ಹುಡುಕುವುದಿಲ್ಲ. ಪರದೆಯೇ ಸಿಕ್ಕಲಿಲ್ಲವೆಂದು ವರದಿ ಬರೆದು ನಿಂತುಬಿಡುತ್ತದೆ. ಈಗಿನ ವಿತರಣೆಗಳಿಗೆ ಈ ಕಡತ ಪ್ರಾಯಶಃ ಬೇಕಾಗಿಯೇ ಇಲ್ಲ.

ಐದನೆಯದು ಬಳಕೆದಾರರು ತಮ್ಮ ಅನುಕೂಲಕ್ಕಾಗಿ ಬರೆದುಕೊಂಡ ಪರಿಸರದ ಚರಗಳು. ಎಕ್ಸ್‌ಆರ್ಗ್ ಬದಲಿಗೆ ಈಚೆಗೆ ಬಳಕೆಗೆ ಬಂದಿರುವ ವೇಲ್ಯಾಂಡ್ ಪದ್ಧತಿಯಲ್ಲಿ ಇವು ತೊಂದರೆ ಕೊಡುತ್ತವೆ. ‘ಎನ್ವಿಡಿಯದ ಭಾಷಾಂತರಕಾರನನ್ನೇ ಕರೆ’ ಎಂಬ ಅರ್ಥದ ಸಾಲು ಉಳಿದಿದ್ದರೆ ಹೊಸ ಕಾರ್ಡಿನಲ್ಲಿ ಚಿತ್ರ ಬರುವುದಿಲ್ಲ.

ಈಗ ನಮ್ಮ ಪ್ರಯೋಗಶಾಲೆಯ ಗಣಕಕ್ಕೆ ಏನಾಗಿತ್ತೆಂಬುದು ವಾಚಕರಿಗೆ ಹೊಳೆದಿರಬಹುದು. ಕಂಟ್ರೋಲ್, ಆಲ್ಟ್, ಎಫ್೩ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಕಪ್ಪು ಪರದೆಯ ಮೇಲೆ ಹೆಸರು ಕೇಳುವ ಅಕ್ಷರದ ಸಾಲು ಬಂದಿತು. ಕರ್ನೆಲ್ ಬದುಕಿತ್ತು, ಹೊಸ ಕಾರ್ಡನ್ನು ಅದು ಗುರುತಿಸಿತ್ತು, ಅಕ್ಷರಗಳನ್ನು ತೋರಿಸುತ್ತಿದ್ದುದು ಅದೇ. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇದೇ ಆಗಿತ್ತು. ಎಕ್ಸ್‌ಆರ್ಗ್ ಬರೆದ ವರದಿಯನ್ನು ತೆರೆದು ನೋಡಿದೆವು. ಹಳೆಯ ಕಾರ್ಡಿನ ಡ್ರೈವರು ಸಿಕ್ಕಲಿಲ್ಲವೆಂದು ಅಲ್ಲಿ ಸ್ಪಷ್ಟವಾಗಿತ್ತು. ಕೆಲವು ವರ್ಷಗಳ ಹಿಂದೆ ನಾವೇ ಕೈಯಾರೆ ಬರೆದಿದ್ದ ಕಡತ ಅದನ್ನು ಕೇಳುತ್ತಿತ್ತು. ಪ್ಯಾಕೇಜುಗಳನ್ನು ತೆಗೆದಿದ್ದ ನಾವು ಈ ಕಡತವನ್ನು ಮರೆತಿದ್ದೆವು. ಅದರ ಹೆಸರನ್ನು ಬದಲಾಯಿಸಿ ಗಣಕವನ್ನು ಮತ್ತೆ ಎಬ್ಬಿಸಿದಾಗ ಚಿತ್ರ ಸರಿಯಾಗಿ ಬಂದಿತು. ಅಳತೆಗಳೂ ಇದ್ದಲ್ಲಿಯೇ ಇದ್ದುವು. ಯಂತ್ರ ಕೆಟ್ಟಿರಲಿಲ್ಲ, ನಮ್ಮ ಹಳೆಯ ಮಾತನ್ನು ಪಾಲಿಸುತ್ತಿತ್ತು.

ಬದಲಾವಣೆಯ ಕ್ರಮ

ಈ ವಿಚಾರದಿಂದ ಕೆಲಸದ ಕ್ರಮ ತಾನಾಗಿಯೇ ಹೊರಡುತ್ತದೆ. ಎನ್ವಿಡಿಯದಿಂದ ಎಎಂಡಿಗೆ ಹೋಗುವುದನ್ನು ಉದಾಹರಣೆಯಾಗಿಟ್ಟುಕೊಳ್ಳೋಣ. ಹಳೆಯ ಕಾರ್ಡು ಇನ್ನೂ ಕೆಲಸ ಮಾಡುತ್ತಿರುವಾಗಲೇ ಮುಖ್ಯ ಭಾಗವನ್ನು ಮುಗಿಸಿಕೊಳ್ಳಬೇಕು.

೧. ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು. ಕಾರ್ಡು ಬದಲಾದ ಮಾತ್ರಕ್ಕೆ ಇವು ನಾಶವಾಗುವುದಿಲ್ಲ. ಗಾಬರಿಯಾದ ಮನುಷ್ಯನ ಕೈಯಿಂದ ನಾಶವಾಗುವುದುಂಟು.

೨. ಕರ್ನೆಲ್, ಮೆಸಾ, ಲಿನಕ್ಸ್ ಫರ್ಮ್‌ವೇರ್ ಮೂರನ್ನೂ ಹೊಸದಾಗಿಸಬೇಕು. ಹೊಸ ಕಾರ್ಡಿನ ಸಂಖ್ಯೆ ಹಳೆಯ ಕರ್ನೆಲ್ಲಿನ ಪಟ್ಟಿಯಲ್ಲಿ ಇರಲಾರದು. ಉದಾಹರಣೆಗೆ, ಎಎಂಡಿಯ ಆರ್‌ಎಕ್ಸ್ ೯೦೭೦ ಎಂಬ ಕಾರ್ಡು ಮಾರುಕಟ್ಟೆಗೆ ಬಂದುದು ೨೦೨೫ರ ಮಾರ್ಚಿಯಲ್ಲಿ. ೨೦೨೨ರ ಉಬುಂಟು ೨೨.೦೪ರೊಡನೆ ಮೊದಲು ಬಂದ ೫.೧೫ರ ಕರ್ನೆಲ್ ಅದನ್ನು ಅರಿಯದಿರುವುದು ಸಹಜ.

೩. ಎನ್ವಿಡಿಯ ಹೆಸರಿನಿಂದ ಆರಂಭವಾಗುವ ಡ್ರೈವರ್ ಪ್ಯಾಕೇಜುಗಳನ್ನು, ಅವುಗಳ ಸೆಟ್ಟಿಂಗ್ ಕಡತಗಳ ಸಮೇತ ತೆಗೆದುಹಾಕಬೇಕು. ಉಬುಂಟು, ಡೆಬಿಯನ್ ವಿತರಣೆಗಳಲ್ಲಿ ಬರಿಯ ರಿಮೂವ್ ಎಂಬ ಆಜ್ಞೆ ಸೆಟ್ಟಿಂಗ್ ಕಡತಗಳನ್ನು ಉಳಿಸುತ್ತದೆ. ಪರ್ಜ್ ಎಂಬ ಆಜ್ಞೆ ಅವನ್ನೂ ತೆಗೆಯುತ್ತದೆ. ಕೈಯಾರೆ ಬರೆದ ಕಡತಗಳನ್ನು ಎರಡೂ ಮುಟ್ಟುವುದಿಲ್ಲವೆಂಬುದನ್ನು ನೆನಪಿಡಬೇಕು.

೪. ಮೇಲೆ ಹೇಳಿದ ಉಳಿದ ಎಡೆಗಳನ್ನು ಒಂದೊಂದಾಗಿ ನೋಡಬೇಕು. ಅನುಮಾನವಿರುವ ಕಡತವನ್ನು ಅಳಿಸುವ ಬದಲು ಹೆಸರು ಬದಲಾಯಿಸಿಡುವುದು ವಿವೇಕ. ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಗಂಟನ್ನು ಹೊಸದಾಗಿ ಕಟ್ಟಬೇಕು.

೫. ಗಣಕವನ್ನು ಪೂರ್ಣವಾಗಿ ಆರಿಸಿ, ತಂತಿಯನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತು, ಅನಂತರ ಕ್ಯಾಬಿನೆಟ್ಟನ್ನು ತೆರೆಯಬೇಕು.

ಎಎಂಡಿಯಿಂದ ಎನ್ವಿಡಿಯಕ್ಕೆ ಹೋಗುವವರು ಅಳಿಸಬೇಕಾದುದು ಕಡಮೆ; ಸೇರಿಸಬೇಕಾದುದು ಹೆಚ್ಚು. ಎಎಂಡಿಯ ಡ್ರೈವರು ಕರ್ನೆಲ್ಲಿನ ಅಂಗವಾದುದರಿಂದ ಅದನ್ನು ತೆಗೆಯುವ ಗೋಜಿಲ್ಲ; ಕರೆಯದಿದ್ದರೆ ಅದು ಸುಮ್ಮನಿರುತ್ತದೆ. ಎನ್ವಿಡಿಯ ಡ್ರೈವರನ್ನು ಮಾತ್ರ ವಿತರಣೆಯ ಭಂಡಾರದಿಂದಲೇ ಸೇರಿಸಿಕೊಳ್ಳುವುದು ಒಳ್ಳೆಯದು. ಹೊರಗಿನಿಂದ ತಂದು ಹಾಕಿದುದನ್ನು ಮುಂದೆ ತೆಗೆಯುವುದು ತ್ರಾಸ.

ಕೈ ಹಾಕುವ ಮೊದಲು

ಭೌತಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಎರಡು ವಿಷಯಗಳನ್ನು ಲಕ್ಷ್ಯದಲ್ಲಿಡಬೇಕು.

ಒಂದನೆಯದು ಸ್ಥಿರವಿದ್ಯುತ್ತು. ಒಣಹವೆಯಲ್ಲಿ ನೈಲಾನ್ ಬಟ್ಟೆ ಉಟ್ಟು ಓಡಾಡಿದವರ ಮೈಯಲ್ಲಿ ಹಲವು ಸಾವಿರ ವೋಲ್ಟುಗಳ ವಿಭವ ಸೇರಬಹುದು. ಮನುಷ್ಯ ಶರೀರದ ಧಾರಕತೆಯನ್ನು ೧೦೦ ಪಿಕೊಫ್ಯಾರಡ್ ಎಂದೂ ವಿಭವವನ್ನು ೩೦೦೦ ವೋಲ್ಟ್ ಎಂದೂ ಇಟ್ಟುಕೊಂಡರೆ, ಸಂಚಿತ ಶಕ್ತಿ ½CV² ಸೂತ್ರದಂತೆ ೦.೪೫ ಮಿಲಿಜೂಲ್ ಮಾತ್ರ. ನಮಗೆ ಇದೊಂದು ಚುರುಕು, ಆಗಲಿಲ್ಲವೆನ್ನುವಷ್ಟು ಅಲ್ಪ. ಆದರೆ ಟ್ರಾನ್ಸಿಸ್ಟರುಗಳೊಳಗಿನ ಅವಾಹಕ ಪದರ ಕೆಲವೇ ನ್ಯಾನೊಮೀಟರುಗಳಷ್ಟು ತೆಳು. ಇಷ್ಟರಿಂದಲೇ ಅದು ಹರಿದುಹೋಗಬಹುದು. ಆದುದರಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮೊದಲು ಮುಟ್ಟಿ, ಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು.

ಎರಡನೆಯದು ವಿದ್ಯುತ್ ಪೂರೈಕೆ. ಸ್ಲಾಟಿನ ಮೂಲಕ ಹೆಚ್ಚೆಂದರೆ ೭೫ ವಾಟ್ ದೊರೆಯುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಕೊಡಬೇಕು. ಆರು ಪಿನ್ನಿನ ಕನೆಕ್ಟರು ೭೫ ವಾಟ್, ಎಂಟು ಪಿನ್ನಿನದು ೧೫೦ ವಾಟ್ ಕೊಡುವಂತೆ ಗೊತ್ತಾಗಿದೆ. ೧೨ ವೋಲ್ಟಿನಲ್ಲಿ ೧೫೦ ವಾಟ್ ಎಂದರೆ ೧೨.೫ ಆಂಪಿಯರ್. ಮೂರು ತಂತಿಗಳು ಇದನ್ನು ಹಂಚಿಕೊಂಡರೆ ತಲಾ ಸುಮಾರು ೪.೨ ಆಂಪಿಯರ್. ಸಡಿಲವಾಗಿ ಸಿಕ್ಕಿಸಿದುದರಿಂದ ಒಂದು ಪಿನ್ನಿನಲ್ಲಿ ೦.೧ ಓಮ್ ರೋಧ ಉಂಟಾಯಿತೆನ್ನೋಣ. ಆಗ I²R ಸೂತ್ರದಂತೆ ೪.೨ × ೪.೨ × ೦.೧, ಎಂದರೆ ಸುಮಾರು ೧.೮ ವಾಟ್ ಉಷ್ಣ ಆ ಚಿಕ್ಕ ಪಿನ್ನಿನಲ್ಲಿಯೇ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗಲು ಇದು ಸಾಕಾಗಬಹುದು. ಕನೆಕ್ಟರು ಕ್ಲಿಕ್ಕೆಂದು ಕೂರುವವರೆಗೂ ಒತ್ತಬೇಕೆಂದು ಹೇಳುವುದು ಇದಕ್ಕಾಗಿಯೇ. ಹೊಸ ಕಾರ್ಡು ಕೇಳುವ ವಾಟ್‌ಗಳನ್ನು ಎಸ್‌ಎಂಪಿಎಸ್ ಕೊಡಬಲ್ಲುದೆ ಎಂಬುದನ್ನು ಕೊಳ್ಳುವ ಮುಂಚೆಯೇ ನೋಡಿಕೊಳ್ಳಬೇಕು.

ಹಳೆಯ ಕಾರ್ಡಿನ ತಿರುಪು ಮೊಳೆ ಬಿಚ್ಚಿ, ಸ್ಲಾಟಿನ ತುದಿಯ ಚಿಲಕವನ್ನು ಒತ್ತಿ, ಕಾರ್ಡನ್ನು ನೇರವಾಗಿ ಮೇಲಕ್ಕೆತ್ತಬೇಕು. ಹೊಸದನ್ನು ಹಾಗೆಯೇ ನೇರವಾಗಿ ಇಳಿಸಿ, ಮೊಳೆ ಬಿಗಿದು, ಪರದೆಯ ತಂತಿಯನ್ನು ಹೊಸ ಕಾರ್ಡಿನ ಕಿಂಡಿಗೇ ಸಿಕ್ಕಿಸಬೇಕು. ತಂತಿಯನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿ, ಕಾರ್ಡು ಕೆಟ್ಟಿದೆಯೆಂದು ಅಂಗಡಿಗೆ ಹೊತ್ತುಕೊಂಡು ಹೋದವರೂ ಉಂಟು.

ಫಲವನ್ನು ಪರೀಕ್ಷಿಸುವುದು

ಚಿತ್ರ ಬಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಕಾರ್ಡಿನ ಭಾಷಾಂತರಕಾರ ದೊರೆಯದಿದ್ದರೆ ಮೆಸಾ ಎಲ್ಲ ಲೆಕ್ಕವನ್ನೂ ಗಣಕದ ಮುಖ್ಯ ಸಂಸ್ಕಾರಕದಿಂದಲೇ ಮಾಡಿಸಿ ಚಿತ್ರ ತೋರಿಸಬಲ್ಲುದು. ಈ ಬದಲಿ ವ್ಯವಸ್ಥೆಗೆ ಎಲ್‌ಎಲ್‌ವಿಎಂಪೈಪ್ ಎಂದು ಹೆಸರು. ಆಗ ಗಣಕ ನಿಧಾನವಾಗುತ್ತದೆ, ಬಿಸಿಯಾಗುತ್ತದೆ. ಕಾರಣ ತಿಳಿಯದೆ ಬಳಕೆದಾರ ಹೊಸ ಕಾರ್ಡನ್ನು ಹಳಿಯುತ್ತಾನೆ. ಆದಕಾರಣ ಎರಡು ಪರೀಕ್ಷೆಗಳನ್ನು ಮಾಡಬೇಕು. ಎಲ್‌ಎಸ್‌ಪಿಸಿಐ ಎಂಬ ಆಜ್ಞೆಗೆ ಕೆ ಎಂಬ ಗುರುತನ್ನು ಸೇರಿಸಿ ಕೇಳಿದರೆ ಕಾರ್ಡಿನ ಹೆಸರೂ ಅದಕ್ಕೆ ಈಗ ದುಡಿಯುತ್ತಿರುವ ಕರ್ನೆಲ್ ಡ್ರೈವರಿನ ಹೆಸರೂ ಬರುತ್ತವೆ. ಜಿಎಲ್‌ಎಕ್ಸ್‌ಇನ್ಫೊ ಎಂಬ ಆಜ್ಞೆಯಿಂದ ಭಾಷಾಂತರಕಾರನ ಹೆಸರು ತಿಳಿಯುತ್ತದೆ. ಮೊದಲನೆಯದರಲ್ಲಿ ಎಎಂಡಿಜಿಪಿಯು ಎಂದೂ, ಎರಡನೆಯದರಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಲ್ಲದೆ ಕಾರ್ಡಿನ ಹೆಸರೂ ಬಂದರೆ ಇಬ್ಬರು ದುಭಾಷಿಗಳೂ ತಮ್ಮ ಸ್ಥಾನದಲ್ಲಿದ್ದಾರೆಂದು ಅರ್ಥ.

ಪರದೆ ಕಪ್ಪಾದರೆ ಯೋಚನೆಯ ಕ್ರಮ ಹೀಗಿರಬೇಕು: ತಯಾರಕರ ಲಾಂಛನವೂ ಮೊದಲ ಅಕ್ಷರಗಳೂ ಬರದಿದ್ದರೆ ತಂತಿ, ಸ್ಲಾಟು, ವಿದ್ಯುತ್ ಪೂರೈಕೆ ಇವನ್ನು ನೋಡಬೇಕು. ಅಕ್ಷರಗಳು ಬಂದು ಚಿತ್ರ ಬರದಿದ್ದರೆ ಯಂತ್ರಾಂಶ ಬಹುಮಟ್ಟಿಗೆ ಸರಿಯಾಗಿದೆ. ದೋಷ ಹಳೆಯ ಆಜ್ಞೆಗಳಲ್ಲಿ, ಇಲ್ಲವೆ ಫರ್ಮ್‌ವೇರಿನ ಅಭಾವದಲ್ಲಿ ಇರಬೇಕು. ಅಕ್ಷರದ ಪರದೆಯೂ ಸಿಕ್ಕದಿದ್ದರೆ, ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸನ್ನು ಎಬ್ಬಿಸಿ ನೋಡಬಹುದು. ಅದರಲ್ಲಿ ನಮ್ಮ ಹಳೆಯ ಆಜ್ಞೆ ಯಾವುದೂ ಇಲ್ಲ. ಅದರಲ್ಲಿ ಚಿತ್ರ ಸರಿಯಾಗಿ ಬಂದರೆ ಕಾರ್ಡು ನಿರ್ದೋಷಿ. ನಾವು ಡಿಸ್ಕನ್ನು ಅಳಿಸಲು ಹೊರಟಿದ್ದ ಪೆನ್‌ಡ್ರೈವಿನಿಂದಲೇ ಈ ಪರೀಕ್ಷೆಯನ್ನು ಮಾಡಬಹುದಾಗಿತ್ತೆಂಬುದು ನಮಗೆ ಆಮೇಲೆ ಹೊಳೆಯಿತು.

ಬದಲಾಗದ ಒಂದು ತೊಡಕು

ಇಷ್ಟೆಲ್ಲ ಸರಿಹೋದರೂ ಒಂದು ವಿಷಯದಲ್ಲಿ ಎಚ್ಚರ ಬೇಕು. ಗ್ರಾಫಿಕ್ಸ್ ಕಾರ್ಡನ್ನು ಈಗ ಚಿತ್ರಕ್ಕೆ ಮಾತ್ರವಲ್ಲದೆ ವೈಜ್ಞಾನಿಕ ಗಣನೆಗೂ ಬಳಸುತ್ತಾರೆ. ಅಣುಗಳ ಚಲನೆ, ದ್ರವಗಳ ಹರಿವು ಮೊದಲಾದುವನ್ನು ಗಣಿಸುವ ಅನೇಕ ತಂತ್ರಾಂಶಗಳು ಎನ್ವಿಡಿಯದ ಕುಡಾ ಎಂಬ ಪದ್ಧತಿಯಲ್ಲಿ ಬರೆಯಲ್ಪಟ್ಟಿವೆ. ೨೦೦೭ರಿಂದ ಬಳಕೆಯಲ್ಲಿರುವ ಈ ಪದ್ಧತಿ ಆ ಕಂಪೆನಿಯ ಕಾರ್ಡುಗಳಿಗಾಗಿಯೇ ಆದುದು. ಎಎಂಡಿ ೨೦೧೬ರಿಂದ ಆರ್‌ಒಸಿಎಂ ಎಂಬ ತನ್ನ ಪದ್ಧತಿಯನ್ನು ಬೆಳೆಸುತ್ತಿದೆ. ಕುಡಾದಲ್ಲಿ ಬರೆದುದನ್ನು ಅದಕ್ಕೆ ರೂಪಾಂತರಿಸುವ ಸಾಧನಗಳಿವೆಯಾದರೂ ಮೂಲಪಾಠ ಕೈಯಲ್ಲಿರಬೇಕು, ಶ್ರಮವೂ ಬೇಕು. ಆ ಪದ್ಧತಿಗೆ ಎಎಂಡಿಯ ಎಲ್ಲ ಕಾರ್ಡುಗಳೂ ಒಪ್ಪಿತವಲ್ಲ. ಚಿತ್ರದ ಮಟ್ಟಿಗೆ ಓಪನ್‌ಜಿಎಲ್, ವಲ್ಕನ್ ಎಂಬ ಸಾಮಾನ್ಯ ಭಾಷೆಗಳಿರುವುದರಿಂದ ತಂತ್ರಾಂಶಗಳಿಗೆ ಕಾರ್ಡು ಬದಲಾದುದೇ ತಿಳಿಯುವುದಿಲ್ಲ. ಒಬ್ಬ ಕಂಪೆನಿಯ ಭಾಷೆಯಲ್ಲಿಯೇ ಬರೆದುಕೊಂಡವರಿಗೆ ಆ ಸ್ವಾತಂತ್ರ್ಯವಿಲ್ಲ. ಪ್ರಾಜೆಕ್ಟಿಗಾಗಿ ಇಂತಹ ಗಣನೆ ಮಾಡುವ ವಿದ್ಯಾರ್ಥಿಗಳು, ತಮ್ಮ ತಂತ್ರಾಂಶ ಯಾವ ಪದ್ಧತಿಯದೆಂದು ತಿಳಿದುಕೊಂಡ ಮೇಲೆಯೇ ಕಾರ್ಡಿನ ಬದಲಾವಣೆಗೆ ಕೈ ಹಾಕಬೇಕು.

ಇಲ್ಲಿಗೆ ವಿಷಯ ಸಂಗ್ರಹವಾಯಿತು. ಕಾರ್ಡನ್ನು ಬದಲಾಯಿಸುವುದೆಂದರೆ ಹೊಸದನ್ನು ಸೇರಿಸುವ ಕೆಲಸಕ್ಕಿಂತ ಹೆಚ್ಚಾಗಿ ಹಳೆಯದಕ್ಕೆ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ಕೆಲಸ. ಪ್ರಯೋಗಶಾಲೆಯಲ್ಲಿ ಉಪಕರಣದ ಸೂಚಿ ಸೊನ್ನೆಯಲ್ಲಿಲ್ಲದಿದ್ದರೆ ಅದನ್ನು ಎಸೆಯುವುದಿಲ್ಲ. ಏಕೆ ಇಲ್ಲವೆಂದು ನೋಡುತ್ತೇವೆ. ಗಣಕದ ಮುಂದೆಯೂ ಅದೇ ತಾಳ್ಮೆ ಸಲ್ಲುತ್ತದೆ. ಯಾವ ಹಂತದವರೆಗೆ ಕೆಲಸ ನಡೆಯಿತು, ಎಲ್ಲಿ ನಿಂತಿತು ಎಂಬುದನ್ನು ಕೇಳಿಕೊಂಡವರು ಡಿಸ್ಕನ್ನು ಅಳಿಸಲು ಅವಸರಪಡುವುದಿಲ್ಲ. ಆ ಪ್ರಶ್ನೆಯನ್ನು ನಮಗೆ ನೆನಪಿಸಿದ ವಿದ್ಯಾರ್ಥಿನಿ ತನ್ನ ಅಳತೆಗಳನ್ನು ಅದೇ ಸಂಜೆ ಎರಡು ಪೆನ್‌ಡ್ರೈವುಗಳಲ್ಲಿ ತುಂಬಿಕೊಂಡು ಹೋದಳು.

ಅಭ್ಯಾಸ

೧. ಇಂಟೆಲ್‌ನ ತಯಾರಕ ಸಂಖ್ಯೆ ಹದಿನಾರರ ಮಾನದಲ್ಲಿ ೮೦೮೬. ಹತ್ತರ ಮಾನದಲ್ಲಿ ಇದೆಷ್ಟು? (ಉತ್ತರ: ೩೨,೯೦೨)

೨. ಅಡ್ಡಲಾಗಿ ೩೮೪೦, ಉದ್ದಕ್ಕೆ ೨೧೬೦ ಬಿಂದುಗಳಿರುವ ಪರದೆಗೆ, ಬಿಂದುವಿಗೆ ೪ ಬೈಟಿನಂತೆ, ಸೆಕೆಂಡಿಗೆ ೬೦ ಚಿತ್ರಗಳನ್ನು ಕಳುಹಿಸಲು ಎಷ್ಟು ಬೈಟ್ ಬೇಕು? ಲೇಖನದಲ್ಲಿ ಹೇಳಿದ ಪರದೆಗಿಂತ ಇದು ಎಷ್ಟು ಪಟ್ಟು? (ಉತ್ತರ: ಸುಮಾರು ೧೯೯ ಕೋಟಿ; ನಾಲ್ಕು ಪಟ್ಟು)

೩. ಒಂದು ಗಣಕದಲ್ಲಿ ಕಾರ್ಡು ಬದಲಾಯಿಸಿದ ಮೇಲೆ ಚಿತ್ರ ಬರುತ್ತಿದೆ; ಆದರೆ ವಿಡಿಯೊ ತಡವರಿಸುತ್ತದೆ, ಮುಖ್ಯ ಸಂಸ್ಕಾರಕ ಬಿಸಿಯಾಗುತ್ತದೆ. ಇಬ್ಬರು ದುಭಾಷಿಗಳಲ್ಲಿ ಯಾರ ಮೇಲೆ ಅನುಮಾನಪಡಬಹುದು, ಅದನ್ನು ಹೇಗೆ ಪರೀಕ್ಷಿಸಬಹುದು ಎಂಬುದನ್ನು ಬರೆಯಿರಿ.